ದಿನಕರ ಮಾಸ್ತರರು ಬರೆದ ಸರ್ಟಿಫಿಕೇಟುಗಳು

ಮತ್ತಿಘಟ್ಟದ ದಿನಕರ ಹೆಗಡೆಯವರು ಶಿರಸಿ–ಬನವಾಸಿ ರಸ್ತೆಯ ಖಾಸಗಿ ಹೈಸ್ಕೂಲೊಂದರಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದರು. ಹನ್ನೆರಡು ವರ್ಷವೂ ತಾತ್ಪೂರ್ತಿಕ. ಶಾಲೆಗೆ ಸರ್ಕಾರದ ಅನುದಾನ ಬಂದ ದಿನ ತಾನು ಖಾಯಂ ಆಗಬೇಕು ಎಂಬುದೊಂದೇ ಅವರ ಆಸೆ. ಸಂಕಷ್ಟಿಯ ಉಪವಾಸವೂ ಅದಕ್ಕೇ, ಆಡಳಿತ ಮಂಡಳಿಯ ಅಧ್ಯಕ್ಷ ಶಿವಪುತ್ರಪ್ಪನವರ ಎದುರು ಹಲ್ಲು ಬಿಡುತ್ತಿದ್ದುದೂ ಅದಕ್ಕೇ.

ಶಿವಪುತ್ರಪ್ಪನವರದೊಂದು ಪದ್ಧತಿ ಇತ್ತು. ಕೆಲಸದಿಂದ ಬಿಡಿಸಿದ ಮಾಸ್ತರನನ್ನು ಕೆಟ್ಟವನೆಂದು ಬರೆದು ಕಳಿಸುವಂತಿಲ್ಲ. ಪ್ರತಿಯೊಬ್ಬನೂ ಯಾರದೋ ಬೀಗ, ಯಾರದೋ ಅಳಿಯ. ಒಳ್ಳೆಯವನೆಂದು ಬರೆದರೆ ಬಿಡಿಸಿದ್ದೇಕೆ ಎಂಬ ಪ್ರಶ್ನೆ. ಹಾಗಾಗಿ ಎರಡೂ ಕಡೆ ಸಲ್ಲುವ ಇಂಗ್ಲಿಷ್ ಶಬ್ದ ಬೇಕು. ಹುಡುಕಿಕೊಡುವ ಕೆಲಸ ದಿನಕರ ಮಾಸ್ತರರದು. ಅದಕ್ಕೆಂದೇ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದಿದ್ದರು. ‘ಸಿಂಪಲ್’ ಎಂದರೆ ಸರಳ. ತುಸು ಪೆದ್ದ ಕೂಡ. ‘ಪ್ರೌಡ್’ ಎಂದರೆ ಅಭಿಮಾನಿ, ಸೊಕ್ಕಿನವ ಕೂಡ. ‘ಆಂಬಿಷಸ್’ ಎಂದರೆ ಗುರಿ ಇದ್ದವ. ಪಕ್ಕದವನ ಕುರ್ಚಿಯ ಮೇಲೆ ಕಣ್ಣಿಟ್ಟವ ಕೂಡ.

ಹೋಗುವವರು ಮೊದಲ ಕಾಲಮ್ಮಿನ ಅರ್ಥ ಓದಿಕೊಂಡು ಕೈಮುಗಿದು ಹೋಗುತ್ತಿದ್ದರು. ಮುಂದಿನ ಶಾಲೆಯವರು ವಿಚಾರಿಸಲು ಫೋನ್ ಮಾಡಿದರೆ ಶಿವಪುತ್ರಪ್ಪನವರು ಎರಡನೆಯದನ್ನು ಬಿಡಿಸಿ ಹೇಳುತ್ತಿದ್ದರು. ಮಾಸ್ತರರಿಗೆ ಇದರಲ್ಲಿ ಪಾಪ ಕಂಡಿರಲಿಲ್ಲ. ತಾನು ಬರೆದದ್ದು ಒಳ್ಳೆಯ ಶಬ್ದವನ್ನೇ, ಡಿಕ್ಷನರಿ ಮಾಡಿದ ತಪ್ಪಿಗೆ ತಾನೇನು ಮಾಡಲಿ ಎಂದು ನಿದ್ದೆ ಮಾಡುತ್ತಿದ್ದರು.

೧೯೯೬ರಲ್ಲಿ ಅನುದಾನದ ಸುದ್ದಿ ಬಂತು. ಇಂಗ್ಲಿಷಿಗೆ ಒಂದೇ ಹುದ್ದೆ, ಕಲಿಸುವವರು ಇಬ್ಬರು. ಇನ್ನೊಬ್ಬಳು ಹೆಗಡೆಕಟ್ಟಾದ ಪರಿಮಳಾ. ತನಗಿಂತ ಅವಳೇ ಚೆನ್ನಾಗಿ ಕಲಿಸುತ್ತಾಳೆಂದು ಮಾಸ್ತರರಿಗೂ ಗೊತ್ತಿತ್ತು. ಅವರು ಹೇಳಿಕೊಟ್ಟ ಪಾಠವನ್ನು ಅವರ ಕ್ಲಾಸಿನ ಮಕ್ಕಳು ಮತ್ತೊಮ್ಮೆ ಅವಳ ಹತ್ತಿರ ಕೇಳಿ ಬರುತ್ತಿದ್ದರು. ಅವಳದೊಂದು ಸರ್ಟಿಫಿಕೇಟ್ ಬರೆಯಿರೆಂದು ಅಧ್ಯಕ್ಷರು ಹೇಳಿದಾಗ ಮಾಸ್ತರರಿಗೆ ನೋಟ್‌ಬುಕ್ ತೆರೆಯುವ ಅಗತ್ಯವೂ ಬೀಳಲಿಲ್ಲ. ಆಂಬಿಷಸ್, ಔಟ್‌ಸ್ಪೋಕನ್ ಎಂದು ದುಂಡಗೆ ಬರೆದರು. ‘ಔಟ್‌ಸ್ಪೋಕನ್’ ಎಂದರೆ ನೇರ ಮಾತಿನವಳು, ಬಾಯಿಬಡುಕಿ ಕೂಡ. ಪರಿಮಳಾ ಓದಿ ಹಿಗ್ಗಿದಳು. ಹೋಗುವ ದಿನ ಸ್ಟಾಫ್ ರೂಮಿಗೆ ಮನೆಯಿಂದ ಗರಿಗರಿ ಸಿಹಿ ತೊಡದೇವು ತಂದಳು. ಮಾಸ್ತರರು ಎರಡು ತಿಂದರು.

ಆದರೆ ಅನುದಾನದ ಕಡತ ಬೆಂಗಳೂರಿನಲ್ಲಿ ಐದು ವರ್ಷ ಮಲಗಿತು. ಅದು ಎದ್ದು ಬರುವಷ್ಟರಲ್ಲಿ ಅಧ್ಯಕ್ಷರ ತಂಗಿಯ ಮಗ ಗಿರೀಶ ಇಂಗ್ಲಿಷ್ ವಿಷಯದಲ್ಲೇ ಬಿ.ಎಡ್. ಮುಗಿಸಿದ್ದ. ಶಿವಪುತ್ರಪ್ಪನವರು ಶಾಲೆಯ ಮುದ್ರೆ ಹಾಕಿದ ಖಾಲಿ ಹಾಳೆಯೊಂದನ್ನು ತಂದು ಮಾಸ್ತರರ ಮುಂದಿಟ್ಟರು.

“ಮಾಸ್ತರ, ನಿಮ್ದು ನೀವ ಬರಕೊಳ್ರಿ. ನಿಮ್ಮಷ್ಟು ಚಂದ ಬರಿಯಾವ್ರು ನಮ್ಮಲ್ಲಿ ಮತ್ಯಾರದಾರ?”

ಮಾಸ್ತರರು ಅಂದು ಮಧ್ಯಾಹ್ನವಿಡೀ ನೋಟ್‌ಬುಕ್ ತಿರುವಿದರು. ಒಂದೇ ಮುಖದ ಶಬ್ದ ಬೇಕಿತ್ತು. ಕೊನೆಗೆ ‘ಒಬೀಡಿಯಂಟ್’ ಸಿಕ್ಕಿತು. ವಿಧೇಯ. ಅದರ ಎರಡನೆಯ ಕಾಲಂ ಖಾಲಿ ಇತ್ತು. ಅದನ್ನೇ ಬರೆದುಕೊಂಡು ಹೊರಟರು.

ಯಲ್ಲಾಪುರದ ಎರಡು ಶಾಲೆಯವರು ಅಧ್ಯಕ್ಷರಿಗೆ ಫೋನ್ ಮಾಡಿದರು. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ. ಉಳಿದದ್ದು ಸಿದ್ದಾಪುರದ್ದು. ಅಲ್ಲಿಯ ಹೆಡ್‌ಮಾಸ್ತರಿಣಿ ಪರಿಮಳಾ ಎಂದು ತಿಳಿದೂ ಹೋದರು. ಬೇರೆ ದಾರಿ ಇರಲಿಲ್ಲ. ಮಾಸ್ತರರು ಹಿಂದೆ ಬರೆದುಕೊಟ್ಟ ಸರ್ಟಿಫಿಕೇಟಿನ ದೆಸೆಯಿಂದ ಅವಳೂ ಮೂರು ಶಾಲೆಯ ಮೆಟ್ಟಿಲು ಇಳಿದು, ನಾಲ್ಕನೆಯವರಿಗೆ ಅದನ್ನು ತೋರಿಸದೆಯೇ ಇಲ್ಲಿಗೆ ಸೇರಿದ್ದಳಂತೆ. ಚಾ ತರಿಸಿದಳು. ಹಾಳೆಯನ್ನು ನಿಧಾನವಾಗಿ ಓದಿದಳು. ಶಿವಪುತ್ರಪ್ಪನವರಿಗೆ ಬೇಕಾದರೆ ಫೋನ್ ಮಾಡಿ ಕೇಳಬಹುದು ಎಂದು ಮಾಸ್ತರರು ತಾವಾಗಿ ಅಂದರು.

“ಫೋನೆಂತಕ್ಕೆ ಮಾಸ್ತರೇ? ಈ ಅಕ್ಷರ ಎಂಗೆ ಚೊಲೋ ಗೊತ್ತಿದ್ದು” ಎಂದಳು ಪರಿಮಳಾ. “ಒಬೀಡಿಯಂಟ್ ಹೇಳಿ ಬರದ್ರಲ್ದಾ, ಜನ್ಮದಲ್ಲಿ ಅದೊಂದು ಖರೆ ಬರದ್ರಿ.”

ಮಾಸ್ತರರು ಬಗ್ಗಿ ಚಾ ಕುಡಿದರು. ಖಾಲಿ ಇದ್ದ ಎರಡನೆಯ ಕಾಲಂ ತುಂಬಿತ್ತು: ಹೇಳಿದ್ದನ್ನೆಲ್ಲ ಬರೆದುಕೊಡುವವ ಕೂಡ. ಆದರೂ ಎದ್ದು ನಿಂತು, ಹಾಗಾದರೆ ತನ್ನ ಕೆಲಸದ್ದೆಂತ ಎಂದು ಕೇಳದೆ ಇರಲಾಗಲಿಲ್ಲ.

“ನೋಡ್ವ” ಎಂದಳು ಅವಳು.

ನಮ್ಮ ಸೀಮೆಯಲ್ಲಿ ‘ನೋಡೋಣ’ ಎಂಬ ಈ ಮಾತಿಗೆ ಇರುವುದು ಒಂದೇ ಅರ್ಥ. ಮಾಸ್ತರರು ಛತ್ರಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.