ಚಿಕ್ಕಪ್ಪ ಮಾಡಿದ ವಿಮಾನದ ಕಾಲುಗಳು

ನಾವಾಗ ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆ. ಅಲ್ಲಿಯವರೆಗೆ ಬೀದಿಯಲ್ಲಿ ಹುಡುಗರ ಜೊತೆ ಶಟಲ್ ಆಡಿಕೊಂಡಿದ್ದ ನನಗೆ ಅಪ್ಪ ಒಂದು ದಿನ, "ಇನ್ಮೇಲೆ ಸಾಕು ಕಣೇ, ಒಳಗಿರು" ಅಂದರು. ಕಾರಣ ಹೇಳಲಿಲ್ಲ. ಕಿಟಕಿ ತೆರೆದರೆ ಮೊಳ ದೂರದಲ್ಲಿ ಪಕ್ಕದ ಮನೆಯ ಗೋಡೆ, ಅವರ ಒಗ್ಗರಣೆಯ ಘಾಟು. ಬೆಳಿಗ್ಗೆ ಟ್ಯೂಷನ್, ಮಧ್ಯಾಹ್ನ ಸೆಕೆ, ಸಂಜೆ ಹೊರಗೆ ಬೇರೆಯವರ ಆಟದ ಗಲಾಟೆ. ಉಸಿರು ಕಟ್ಟುತ್ತಿತ್ತು.

ಬಿಡುಗಡೆ ಭಾನುವಾರ ಬೆಳಿಗ್ಗೆ ಮಾತ್ರ. ಲಗ್ಗೆರೆಯಲ್ಲಿದ್ದ ಚಿಕ್ಕಪ್ಪ ಕಬ್ಬಿಣ ಕಡೆಯುವ ಲೇತ್ ಮಷಿನ್ ಕೆಲಸದವರು. ರಿಮೋಟಿನಲ್ಲಿ ಹಾರುವ ವಿಮಾನ ಕಟ್ಟುವುದು ಅವರ ಹುಚ್ಚು. ಅದರ ರೆಕ್ಕೆ ತಬ್ಬಿಕೊಂಡು ನಾನು ಬೈಕಿನ ಹಿಂದೆ ಕೂರುತ್ತಿದ್ದೆ. ಹೆಗ್ಗನಹಳ್ಳಿಯ ಆಚೆ ಒಂದು ಹುಲ್ಲುಬಯಲು. ಹಾರಿಸಿದ ಮೇಲೆ ಬಿಸಿ ತಟ್ಟೆ ಇಡ್ಲಿ. ಆದರೆ ಅದಕ್ಕೆ ಹಾಕಿದ್ದ ಆಟಿಕೆ ಕಾರಿನ ಚಿಕ್ಕ ಚಕ್ರಗಳು ಹುಲ್ಲಿಗೆ ಸಿಕ್ಕಿ, ವಿಮಾನ ಇಳಿದಾಗಲೆಲ್ಲ ಮುಗ್ಗರಿಸುತ್ತಿತ್ತು. ಅಪ್ಪ ಒಮ್ಮೆ ಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದ್ಸಲ ಮುರ್ಕೊಂಡು ಬಂದ್ರೆ ಈ ಭಾನುವಾರದ ಓಡಾಟ ಅಲ್ಲಿಗೆ ಮುಗೀತು. ಟೆಂತ್ ಓದ್ಕೊಳ್ಳಲಿ."

ಚಕ್ರ ದೊಡ್ಡದಾಗಬೇಕು ಅನ್ನುವುದರಲ್ಲಿ ನಮಗೆ ಜಗಳವಿರಲಿಲ್ಲ. ಹಳೆಯ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿದೆವು. ಜಗಳ ಬಂದದ್ದು ಆ ಚಕ್ರಗಳನ್ನು ಹಿಡಿದಿಡುವ ಕಾಲಿನ ವಿಷಯಕ್ಕೆ.

"ಸೈಕಲ್ ಕಡ್ಡಿ ಹಾಕೋಣ ಚಿಕ್ಕಪ್ಪ. ಬಗ್ಗಿದ್ರೆ ಮತ್ತೆ ನೆಟ್ಟಗೆ ಮಾಡ್ಕೋಬಹುದು."

"ಬಗ್ಗೋದನ್ನ ನನ್ ಕೈಲಿ ಮಾಡಿಸ್ತೀಯಾ? ಇಷ್ಟ್ ವರ್ಷ ಲೇತ್ ಮುಂದೆ ನಿಂತಿದೀನಿ ಕಣೇ, ಮಾನ ಹೋಗುತ್ತೆ!"

ನಾನು ಸುಮ್ಮನಾದೆ. ನನ್ನನ್ನು ಹೊರಗೆ ಕರೆದೊಯ್ಯುವವರು ಅವರೊಬ್ಬರೇ; ಅವರು ಮುನಿಸಿಕೊಂಡರೆ ಅದೂ ಇಲ್ಲ. ಮುಂದಿನ ವಾರ ಉಕ್ಕಿನ ಸರಳಿನ ಕಾಲುಗಳು ಬಂದವು, ಥಳಥಳ ಹೊಳೆಯುತ್ತ.

ವಿಮಾನ ಚೆನ್ನಾಗಿಯೇ ಹಾರಿತು. ಇಳಿದು ನಾಲ್ಕು ಮಾರು ಓಡಿತು ಕೂಡ. ಆಮೇಲೆ ಒಂದು ಹುಲ್ಲಿನ ಗಡ್ಡೆ ಅಡ್ಡ ಬಂತು. ಕಾಲುಗಳು ಹೊಟ್ಟೆಯನ್ನೇ ಕಿತ್ತುಕೊಂಡು ಅಲ್ಲೇ ಉಳಿದವು, ವಿಮಾನ ಮುಂದೆ ಹೋಗಿ ಮೂಗು ಜಜ್ಜಿಕೊಂಡಿತು. ಚಿಕ್ಕಪ್ಪ ಓಡಿಹೋಗಿ ಮೊದಲು ಎತ್ತಿಕೊಂಡದ್ದು ಕಾಲುಗಳನ್ನು.

"ನೋಡೇ, ಕೂದಲೆಳೆಯಷ್ಟೂ ಬಗ್ಗಿಲ್ಲ!" ಅಂದವರು ನನ್ನ ಮುಖ ನೋಡಿ ಅವನ್ನು ಕೆಳಗಿಟ್ಟರು. ಚೂರುಗಳನ್ನು ಆಯ್ದು ತಬ್ಬಿಕೊಂಡು ನಾನು ಬೈಕಿನ ಹಿಂದೆ ಕೂತೆ.

ಮನೆಯ ಹೊಸ್ತಿಲಲ್ಲೇ ನಿಂತು ಚಿಕ್ಕಪ್ಪ, "ತಪ್ಪು ನಂದು ಅಣ್ಣ. ಅವಳು ಹೇಳಿದ್ಲು, ನಾನ್ ಕೇಳ್ಲಿಲ್ಲ" ಅಂದರು.

"ಯಾರದಾದ್ರೇನು, ಮೊದ್ಲೇ ಹೇಳಿದ್ನಲ್ಲ" ಎಂದು ಅಪ್ಪ ಆ ಚೂರುಗಳನ್ನು ಅಟ್ಟದ ಮೇಲಿಟ್ಟರು. ಬೈಯಲೂ ಇಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ: ಗೊತ್ತಿದ್ದದ್ದನ್ನು ಇನ್ನೊಂದು ಸಲ ಹೇಳಲಿಲ್ಲವಲ್ಲ. ಆಮೇಲಿನ ಭಾನುವಾರಗಳಲ್ಲಿ ಬೈಕು ಬರಲಿಲ್ಲ.

ಈಗ ಆ ಬಯಲಿನ ತುಂಬ ಮನೆಗಳು. ನನ್ನದೇ ಸ್ಕೂಟರ್ ಇದೆ, ಎಲ್ಲಿಗೆ ಹೊರಟೆ ಎಂದು ಕೇಳುವವರಿಲ್ಲ. ಆದರೂ ಭಾನುವಾರ ಒಂಬತ್ತರವರೆಗೆ ಮಲಗಿರುತ್ತೇನೆ. ಐದಕ್ಕೇ ಎದ್ದು ತಲೆ ಬಾಚಿಕೊಂಡು, ಬೈಕಿನ ಸದ್ದಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿ ಆ ಮನೆಯೊಳಗೇ ಉಳಿದುಬಿಟ್ಟಳು. ಅವಳನ್ನು ಹೊರಗೆ ಕರೆತರಲು ನನ್ನಿಂದ ಇನ್ನೂ ಆಗಿಲ್ಲ.