ಲಿಫ್ಟ್ ಇಲ್ಲ, ಮೂರು ಮಹಡಿ ಹತ್ತಬೇಕು

ಮುಂಬಯಿಯಲ್ಲಿ ನಿಮ್ಮದೊಂದು ಮನೆಯಿದ್ದರೆ ಧಾರವಾಡದ ಕಡೆಯ ನೆಂಟರ ಪಾಲಿಗೆ ಅದು ಮನೆಯಲ್ಲ, ವಿಚಾರಣೆಯ ಕೌಂಟರು. ನಾನು ಮದುವೆಯಾಗಿ ಸಾಂತಾಕ್ರೂಜ್‌ಗೆ ಬಂದ ವರ್ಷದಿಂದಲೇ ಫೋನುಗಳು ಶುರುವಾದವು. ಆಸ್ಪತ್ರೆಗೆ ಬರುತ್ತಿದ್ದೇವೆ, ದಾದರಿನಲ್ಲಿ ಇಳಿಯಬೇಕೋ ಮುಂದೆ ಹೋಗಬೇಕೋ? ಅಲ್ಲಿ ರೊಟ್ಟಿ ಸಿಗುತ್ತದೆಯೋ? ಪೇಷಂಟನ್ನು ಕರೆದುಕೊಂಡು ಲೋಕಲ್ ರೈಲು ಹತ್ತಬಹುದೋ? ಒಬ್ಬರಿಗೆ ಹೇಳಿ ಫೋನಿಡುವಷ್ಟರಲ್ಲಿ ಇನ್ನೊಬ್ಬರು, ಅದೇ ಪ್ರಶ್ನೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎಲ್ಲವನ್ನೂ ಒಂದು ಕಡೆ ಬರೆದು ಹಾಕುತ್ತೇನೆ, ಬೇಕಾದವರು ಓದಿಕೊಳ್ಳಲಿ ಎಂದು ಒಂದು ಭಾನುವಾರ ಸಿಟ್ಟಿನಲ್ಲಿ ಬ್ಲಾಗು ತೆರೆದೆ.

ಸಿಟ್ಟಿನಲ್ಲಿ ಶುರುವಾದದ್ದು ಚಟವಾಯಿತು. ಆಫೀಸಿಗೆ ರಜೆಯಿದ್ದ ದಿನ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ. ಯಾವ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಇದೆ, ಯಾವ ಸೇತುವೆಯ ಮೇಲೆ ಮುದುಕರನ್ನು ಹತ್ತಿಸಬಾರದು, ಆಸ್ಪತ್ರೆಯ ಯಾವ ಗೇಟಿನ ಬಳಿ ಟ್ಯಾಕ್ಸಿಯವರು ಮೀಟರ್ ಹಾಕುತ್ತಾರೆ, ಯಾವ ಖಾನಾವಳಿಯಲ್ಲಿ ಖಾರ ಕಡಿಮೆ ಮಾಡಿ ಎಂದರೆ ನಿಜವಾಗಿ ಕಡಿಮೆ ಮಾಡುತ್ತಾರೆ, ಇಷ್ಟೇ ನನ್ನ ವಿಷಯ. ಬೆಳಗಾವಿ, ವಿಜಯಪುರದ ಗೊತ್ತಿಲ್ಲದ ಜನ ಕೆಳಗೆ ‘ಅಕ್ಕಾರ, ನೀವು ಬರದಂಗ ಹೋದ್ವಿ, ಚಲೋ ಆತು’ ಎಂದು ಬರೆಯುತ್ತಿದ್ದರು. ಅದನ್ನು ಓದಿದ ದಿನ ಸಾರಿಗೆ ಉಪ್ಪು ಹೆಚ್ಚಾದರೂ ನನಗೆ ಚಿಂತೆಯಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಬ್ಲಾಗಿನ ಜಾಗಕ್ಕೆ ವರ್ಷಕ್ಕೊಮ್ಮೆ ಕಟ್ಟುವ ಬಾಡಿಗೆ ಇದ್ದಕ್ಕಿದ್ದಂತೆ ಏರಿದಾಗ ತಕರಾರು ಶುರುವಾಯಿತು. ನನ್ನವರು ಮೈಸೂರಿನ ಕಡೆಯವರು, ಯಾವುದಕ್ಕೂ ಬಿಸಿಯಾಗದ ಮನುಷ್ಯ. “ಏನು ಮಹಾ ದುಡ್ಡು ಬಿಡೇ. ನಾನು ಕಟ್ತೀನಿ, ನಿನ್ನ ಹವ್ಯಾಸ ತಾನೆ” ಅಂದರು.

ಆ ‘ಹವ್ಯಾಸ’ ಎಂಬ ಮಾತು ನನಗೆ ನಾಟಿತು. ದುಡ್ಡು ನನ್ನ ಹತ್ತಿರವೂ ಇತ್ತು, ಸಂಬಳ ಬರುತ್ತಿತ್ತು. ಆದರೆ ಬಾಂದ್ರಾದ ಆಫೀಸಿನಲ್ಲಿ ಇಷ್ಟು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಬೇರೆಯವರು ಬರೆದ ಕಾಗದಗಳನ್ನು ಫೈಲಿಗೆ ಸೇರಿಸಿದ್ದಕ್ಕೆ. ನಾನು ಬರೆದದ್ದಕ್ಕೆ ಯಾರಾದರೂ ಒಮ್ಮೆ ದುಡ್ಡು ಕೊಡಬೇಕು ಎಂಬ ಆಸೆ ಒಳಗೇ ಇತ್ತು. ಅದನ್ನು ಹಾಗೆಂದು ಹೇಳಲು ನಾಚಿಕೆಯಾಗಿ ಜಗಳದ ರೂಪದಲ್ಲಿ ಹೇಳಿದೆ.

“ನಿಮ್ಮ ರೊಕ್ಕ ಬ್ಯಾಡ್ರಿ. ದೀಪಾವಳಿ ಒಳಗ ಅದು ತನ್ನ ಖರ್ಚು ತಾನ ದುಡೀಲಿಲ್ಲಂದ್ರ ಮುಚ್ಚಿಬಿಡ್ತೀನಿ.”

“ಆಯ್ತು ಮಹಾರಾಯ್ತಿ” ಎಂದು ಅವರು ಪೇಪರಿನೊಳಗೆ ತಲೆ ಹಾಕಿದರು. ಹೇಳಿದ ಮೇಲೆ ಮುಗಿಯಿತು. ನಾನು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.

ಜಾಹೀರಾತು ಹಾಕಿಕೊಟ್ಟವಳು ಮಗಳು. ಅವಳ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಗೆ ಇಳಿದುಬಿಡುತ್ತದೆ. “ಅಮ್ಮಾ, ಇದು ಆಟೋಮ್ಯಾಟಿಕ್ ಇದೆ. ಆ್ಯಡ್ಸ್ ಅಪ್ನೇ ಆಪ್ ಬರ್ತದೆ. ತೂ ಬಸ್ ಲಿಖ್ತೀ ರಹ್” ಅಂದಳು. ನಾನು ಬರೆಯುತ್ತಾ ಹೋದರೆ ಸಾಕು, ಒಂದು ಕಂಪನಿ ತಾನೇ ಆರಿಸಿ ಜಾಹೀರಾತು ಕಳಿಸುತ್ತದೆ, ಓದುಗರು ಅದನ್ನು ಒತ್ತಿದರೆ ನಮಗೆ ಪುಡಿಗಾಸು ಬೀಳುತ್ತದೆ ಎಂಬುದು ನನಗೆ ಅರ್ಥವಾದಷ್ಟು.

ಮಾರನೆಯ ದಿನ ಲೋಕಲ್‌ನಲ್ಲಿ ಕೂತು ನನ್ನ ಬ್ಲಾಗನ್ನು ನಾನೇ ತೆರೆದು ನೋಡಿದೆ. ಆಪರೇಷನ್ನಿಗೆ ಮುಂಚೆ ಏನು ತಿನ್ನಬಹುದು ಎಂಬ ಬರಹದ ನಡುವೆ ಮಧುಚಂದ್ರದ ಪ್ಯಾಕೇಜು, ಕಡಲ ದಂಡೆಯಲ್ಲಿ ಜೋಡಿ. ನಕ್ಕೆ. ಕೆಳಗೆ ಸರಿಸಿದರೆ, ಎಂಥ ಗಡ್ಡೆಯನ್ನಾದರೂ ಆಪರೇಷನ್ನಿಲ್ಲದೆ ಕರಗಿಸುವ ಗುಳಿಗೆ. ಅದರ ಕೆಳಗೆ ವಿಜಯಪುರದ ಒಬ್ಬರ ಪ್ರಶ್ನೆ: ‘ಅಕ್ಕಾರ, ನೀವ ಹಾಕೀರಿ ಅಂದಮ್ಯಾಲೆ ಈ ಔಷಧ ಚಲೋನ ಇರಬೇಕು. ತರಸಲೇನ್ರಿ?’

ಬಾಂದ್ರಾದಲ್ಲಿ ಇಳಿಯುವುದನ್ನು ಮರೆತು ಮಾಹಿಮ್ ತನಕ ಹೋದೆ. ‘ತರಸಬ್ಯಾಡ್ರಿ, ಅದು ನನ್ನದಲ್ಲ’ ಎಂದು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಉತ್ತರ ಬರೆದೆ. ಮಗಳಿಗೆ ಫೋನು ಮಾಡಿ ಔಷಧದ ಜಾಹೀರಾತುಗಳನ್ನೆಲ್ಲ ತೆಗೆಸಿದೆ. ನನ್ನ ಗೋಡೆಯ ಮೇಲೆ ಯಾರು ಏನು ಅಂಟಿಸಿದರೂ ಓದುವವರಿಗೆ ಅದು ನನ್ನ ಮಾತೇ ಎಂಬುದು ಅಂದು ತಿಳಿಯಿತು.

ಉಳಿದ ಜಾಹೀರಾತುಗಳು ನಿರುಪದ್ರವಿಯಾಗಿದ್ದವು. ದಿನಕ್ಕಿಷ್ಟು ಎಂದು ಏನೋ ಸೇರುತ್ತಿತ್ತು. ಧಾರವಾಡದಲ್ಲಿರುವ ನನ್ನ ಕಾಕು, ಅಂದರೆ ಅಪ್ಪನ ತಮ್ಮನ ಹೆಂಡತಿ, ಫೋನು ಮಾಡಿದಾಗ ಸಂತೋಷಕ್ಕೆ ಹೇಳಿದೆ, ಜಾಹೀರಾತು ಒತ್ತಿದರೆ ನನಗೆ ರೊಕ್ಕ ಬರುತ್ತದೆ ಅಂತ. ಅಷ್ಟೇ ಹೇಳಿದ್ದು. ಎರಡು ವಾರದಲ್ಲಿ ಆದಾಯ ಹುಚ್ಚುಹೊಳೆಯ ಹಾಗೆ ಏರಿತು. ದೀಪಾವಳಿಯೇನು, ಗಣಪತಿ ಹಬ್ಬದೊಳಗೇ ಬಾಡಿಗೆ ಹುಟ್ಟುತ್ತದೆ ಎಂದು ನಾನು ಗಂಡನ ಮುಂದೆ ಕಾಲಮೇಲೆ ಕಾಲು ಹಾಕಿ ಕೂತೆ.

ಆಮೇಲೆ ಕಂಪನಿಯಿಂದ ಒಂದು ಮೇಲ್ ಬಂತು. ಒಂದೇ ಊರಿನಿಂದ, ಒಂದೇ ಹೊತ್ತಿಗೆ, ಅವೇ ಫೋನುಗಳಿಂದ ಅಸಹಜವಾಗಿ ಒತ್ತಲಾಗಿದೆ, ಖಾತೆ ಮುಚ್ಚಲಾಗಿದೆ, ಸೇರಿದ ಹಣ ಸಿಗುವುದಿಲ್ಲ. ಊರು ಯಾವುದೆಂದು ನನಗೆ ಬೇರೆ ಹೇಳಬೇಕಿರಲಿಲ್ಲ.

“ಕಾಕು, ಏನ ಮಾಡೀರಿ?”

“ಏನಿಲ್ಲವಾ, ನಮ್ಮ ಭಜನಿ ಮಂಡಳದಾಗ ಎಲ್ಲಾರಿಗೂ ಹೇಳೇನಿ. ಮಂಗಳಾರತಿ ಆದಕೂಡ್ಲೆ, ಪ್ರಸಾದಕ್ಕ ಮೊದಲ, ಎಲ್ಲಾರೂ ಫೋನ್ ತಗದು ತಲಿಗೆ ಇಪ್ಪತ್ತು ಸಲ ಒತ್ತತೇವಿ. ಇವತ್ತು ಮೂವತ್ತು ಒತ್ತೇವಿ, ಏಕಾದಶಿ ಅಲ್ಲ?”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಒತ್ತಿದ್ದರಿಂದಲೇ ಖಾತೆ ಹೋಯಿತೆಂದು ಸ್ವಲ್ಪ ಜೋರಾಗಿಯೇ ಹೇಳಿದೆ.

“ಅಲ್ಲವಾ, ನನ್ನ ತಂಗೀನ ಕರಕೊಂಡು ಬಂದಾಗ ನೀ ಬರದದ್ದ ನೋಡಿಕೊಂಡ ಆಸ್ಪತ್ರಿ ಮುಟ್ಟೇವಿ. ಭಜನಿಗೆ ಬರೋ ಇನ್ನಿಬ್ಬರೂ ಹಂಗ ಹೋಗಿಬಂದಾರ. ಊಟಾ ಮಾಡಿ ಕೈ ತೊಳಕೊಂಡು ಸುಮ್ಮನ ಎದ್ದು ಬರಬೇಕೇನು? ಏನರೆ ಮುಯ್ಯಿ ಮಾಡಬೇಕಲ್ಲ?”

ಮದುವೆಗೆ ಹೋದರೆ ಕುಪ್ಪಸದ ಬಟ್ಟೆಯನ್ನಾದರೂ ಮುಯ್ಯಿ ಮಾಡದೆ ಎಲೆಯ ಮುಂದೆ ಕೂರುವ ಜನವಲ್ಲ ನಮ್ಮವರು. ಆ ಹೆಂಗಸರು ನನಗೆ ಮುಯ್ಯಿ ಮಾಡಿದ್ದರು, ಕಂಪನಿಯ ಲೆಕ್ಕದಲ್ಲಿ ಅದು ಮೋಸವಾಗಿತ್ತು. ಕಂಪನಿಯದೂ ತಪ್ಪಿಲ್ಲ. ಅವರ ಜಾಹೀರಾತನ್ನು ಒತ್ತಿದ್ದವರಲ್ಲಿ ಒಬ್ಬರಿಗೂ ಕೊಳ್ಳುವ ಯೋಚನೆ ಇರಲಿಲ್ಲ. ಫೋನಿಟ್ಟು ಸ್ವಲ್ಪ ಅತ್ತೆ, ಆಮೇಲೆ ಆ ಮಂಗಳಾರತಿಯ ದೃಶ್ಯ ನೆನೆಸಿಕೊಂಡು ಹೊಟ್ಟೆ ಹಿಡಿದು ನಕ್ಕೆ.

ದೀಪಾವಳಿಗೆ ಒಂದು ತಿಂಗಳು ಉಳಿದಿತ್ತು. ಇನ್ನು ಜಾಹೀರಾತನ್ನು ನಾನೇ ಹುಡುಕಬೇಕು, ಕಣ್ಣಾರೆ ಕಂಡದ್ದಕ್ಕೆ ಮಾತ್ರ ಹಾಕಬೇಕು, ಅದರ ಒಕ್ಕಣೆಯನ್ನೂ ನಾನೇ ಬರೆಯಬೇಕು ಎಂದುಕೊಂಡೆ. ಸಾಂತಾಕ್ರೂಜ್‌ನ ಸೀರೆ ಅಂಗಡಿಯವರು ಕನ್ನಡ ಓದುವವರು ಇಲ್ಲಿ ಯಾರಿದ್ದಾರೆ ಎಂದು ಕೇಳಿದರು, ಅದೂ ಕನ್ನಡದಲ್ಲಿ. ಬಾಂದ್ರಾದ ಟ್ರಾವೆಲ್ಸ್‌ನವರು ತಮ್ಮ ಬಸ್ಸು ಎಂದೂ ತಡವಾಗುವುದಿಲ್ಲವೆಂದು ಬರೆಯಲು ಹೇಳಿದರು. ಆ ಬಸ್ಸಿನಲ್ಲಿ ನಾನು ಹುಬ್ಬಳ್ಳಿಗೆ ಹೋಗಿದ್ದೆ. ನಮಸ್ಕಾರ ಮಾಡಿ ಎದ್ದು ಬಂದೆ.

ಕೊನೆಗೆ ಗ್ರಾಂಟ್ ರೋಡಿನ ಒಂದು ಲಾಡ್ಜಿಗೆ ಹೋದೆ. ಕೆಳಗೆ ಇಡ್ಲಿ ವಡೆಯ ಹೋಟೆಲು, ಮೇಲೆ ಕೋಣೆಗಳು, ಎರಡಕ್ಕೂ ಒಬ್ಬರೇ ಮಾಲೀಕರು. ಕರಾವಳಿಯವರು, ಅರವತ್ತು ದಾಟಿದವರು, ಬಿಳಿ ಅಂಗಿಯ ಜೇಬಿನಲ್ಲಿ ಮೂರು ಪೆನ್ನು. ಆಸ್ಪತ್ರೆಗೆ ಬರುವ ನಮ್ಮ ಕಡೆಯವರು ಅಲ್ಲಿ ಇಳಿಯುತ್ತಾರೆಂದು ನನಗೆ ಗೊತ್ತಿತ್ತು. ಮಾಲೀಕರಿಗೆ ಬ್ಲಾಗು ತೋರಿಸಿದೆ. ಮೆಚ್ಚಿ ಕಾಫಿ ತರಿಸಿದರು.

“ಒಂದು ವರ್ಷದ್ದು ಒಟ್ಟಿಗೇ ಕೊಡ್ತೇನೆ ಮಾರಾಯ್ರೇ. ಲಿಫ್ಟ್ ಉಂಟು ಅಂತ ಒಂದು ಬರೀರಿ.”

“ಎಲ್ಲಿ ಅದರೀ ಲಿಫ್ಟು?”

“ಹಾಕಿಸ್ಲಿಕ್ಕೆ ಜಾಗ ಉಂಟಲ್ಲ.”

ಅವರು ಹೇಳಿದ ಮೊತ್ತದಿಂದ ಬ್ಲಾಗಿನ ಬಾಡಿಗೆ ಹೋಗಿ ಮಿಕ್ಕುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಮೊದಲು ನೋಡುತ್ತೇನೆ ಎಂದು ಮೂರು ಮಹಡಿ ಹತ್ತಿದೆ. ಮೆಟ್ಟಿಲು ಎತ್ತರ, ತಿರುವಿನಲ್ಲಿ ಕತ್ತಲೆ. ಮೇಲೆ ಮುಟ್ಟಿ ಏದುಸಿರು ಬಿಡುವಾಗ, ಗುಳಿಗೆ ತರಿಸಲೇ ಎಂದು ಕೇಳಿದ ಆ ವಿಜಯಪುರದವರು ನೆನಪಾದರು. ಈ ಮೆಟ್ಟಿಲ ಬುಡದಲ್ಲಿ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ಅಕ್ಕಾರು ಬರೆದಿದ್ದರಲ್ಲ ಎಂದು ಲಿಫ್ಟ್ ಹುಡುಕುವವರೂ ಅಂಥವರೇ. ಕೆಳಗಿಳಿದು ಉಳಿದ ಕೋಣೆಗಳನ್ನೂ ನೋಡಿದೆ, ಕೆಲಸದ ಹುಡುಗರನ್ನು ವಿಚಾರಿಸಿದೆ, ಕೌಂಟರಿನ ಮೇಲಿದ್ದ ಬಿಲ್ಲಿನ ಹಿಂಬದಿಯಲ್ಲಿ ಅಲ್ಲೇ ಬರೆದುಕೊಟ್ಟೆ:

‘ಲಿಫ್ಟ್ ಇಲ್ಲ, ಮೂರು ಮಹಡಿ ಹತ್ತಬೇಕು. ಬಿಸಿನೀರು ಬೆಳಿಗ್ಗೆ ಎಂಟರ ತನಕ ಮಾತ್ರ. ಹಾಸಿಗೆ, ಬಚ್ಚಲು ಸ್ವಚ್ಛ. ಕೆಳಗಿನ ಹೋಟೆಲಿನಲ್ಲಿ ಕೇಳಿದರೆ ಗಂಜಿ ಮಾಡಿಕೊಡುತ್ತಾರೆ. ಹತ್ತಲಾಗದವರಿಗೆ ನೆಲಮಹಡಿಯಲ್ಲಿ ಒಂದು ಕೋಣೆಯಿದೆ. ಆದರೆ ಪಕ್ಕದಲ್ಲೇ ಹೋಟೆಲಿನ ಗ್ರೈಂಡರ್. ಮಧ್ಯಾಹ್ನ ಮೂರರಿಂದ ಆರರ ತನಕ ಗೋಡೆ ನಡುಗುತ್ತದೆ, ನಿದ್ದೆ ಬರುವುದಿಲ್ಲ.’

ಮಾಲೀಕರು ಎರಡು ಸಲ ಓದಿದರು. “ಇದು ಜಾಹೀರಾತಾ, ಕಂಪ್ಲೇಂಟಾ?”

“ಹಿಂಗ ಹಾಕೋದಿದ್ರ ಹಾಕ್ತೀನ್ರಿ. ಇಲ್ಲಾಂದ್ರ ಬ್ಯಾಡ.”

ಕಾಫಿಯ ಲೋಟ ಖಾಲಿಯಾಗಿತ್ತು. ಅವರು ಆ ಬಿಲ್ಲನ್ನು ಮಡಚಿ ಜೇಬಿಗಿಟ್ಟರು, ನಾನು ಹೊರಟುಬಂದೆ. ಮನೆಗೆ ಬಂದು ಬ್ಲಾಗು ಮುಚ್ಚುವುದೇ ಸೈ ಎಂದೆ. ನನ್ನವರು ಈ ಸಲ ದುಡ್ಡಿನ ಮಾತೆತ್ತಲಿಲ್ಲ. “ನೀನು ಬರೆದದ್ದು ಸರಿಯಾಗೇ ಇದೆ ಕಣೇ” ಎಂದು ಮಾತ್ರ ಅಂದರು. ಅದು ಅವರ ಮಟ್ಟಿಗೆ ದೊಡ್ಡ ಭಾಷಣ.

ಒಂಬತ್ತು ದಿನ ಬಿಟ್ಟು ಲಾಡ್ಜಿನವರ ಫೋನು ಬಂತು. “ನೋಡಿ, ಇವತ್ತು ಬೆಳಿಗ್ಗೆ ಒಬ್ರು ಅಮ್ಮನನ್ನು ಕರ್ಕೊಂಡು ಬಂದು, ಮೆಟ್ಟಿಲು ಕಂಡು, ನಾಲ್ಕು ಜನರ ಎದುರು ನಂಗೆ ಬೈದು ಹೋದ್ರು. ವಾರಕ್ಕೆ ಮೂರು ಸಲ ಇದೇ ಕತೆ. ನಿಮ್ಮದನ್ನು ಓದಿ ಬಂದ್ರೆ ಬೈಲಿಕ್ಕೆ ಎಂಥದೂ ಉಳಿಯುವುದಿಲ್ಲ. ಹಾಕಿಬಿಡಿ.” ಆಮೇಲೆ ಧ್ವನಿ ತಗ್ಗಿಸಿ, “ಆ ಗೋಡೆ ನಡುಗುದೊಂದು ತೆಗೀಬಹುದಾ?” ಎಂದು ಕೇಳಿದರು.

“ನಡಗತದಲ್ರಿ.”

“ನಡುಗ್ತದೆ, ನಡುಗ್ತದೆ. ಇರ್ಲಿ ಮಾರಾಯ್ರೇ.”

ದುಡ್ಡು ನರಕ ಚತುರ್ದಶಿಗೆ ನಾಲ್ಕು ದಿನ ಮೊದಲು ಬಂತು. ನನ್ನವರು ನನ್ನ ಫೋನಿಗೆ ಬಂದ ಬ್ಯಾಂಕಿನ ಸಂದೇಶವನ್ನು ಮಗಳಿಗೂ ತೋರಿಸಿ, ದುಡ್ಡು ಕೊಟ್ಟು ನಿಮ್ಮಮ್ಮನ ಹತ್ತಿರ ಬೈಸಿಕೊಳ್ಳುವವರೂ ಇದ್ದಾರೆ ನೋಡು, ನಾನು ಇಷ್ಟು ವರ್ಷ ಪುಕ್ಕಟೆ ಬೈಸಿಕೊಂಡೆ ಎಂದರು. ಆ ಹಬ್ಬದಲ್ಲಿ ನನ್ನಷ್ಟು ಸುಖಿ ನಮ್ಮ ಇಡೀ ಹೌಸಿಂಗ್ ಸೊಸೈಟಿಯಲ್ಲಿ ಯಾರೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಾಲೀಕರು ಮತ್ತೆ ಫೋನು ಮಾಡಿದರು. “ನಿಮ್ಮ ಜಾಹೀರಾತಿನಲ್ಲಿ ಒಂದು ಸಾಲು ಸುಳ್ಳು ಉಂಟು. ಬಂದು ನೋಡಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಾನು ಸುಳ್ಳು ಬರೆದೆನೇ? ಲಿಫ್ಟಿನ ಆಸೆ ಇನ್ನೂ ಹೋಗಿಲ್ಲ ಇವರಿಗೆ ಎಂದುಕೊಂಡು, ಆಫೀಸಿನಿಂದ ಅರ್ಧ ದಿನ ರಜೆ ಹಾಕಿ, ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಲೋಕಲ್‌ನಲ್ಲೇ ಜೋಡಿಸಿಕೊಂಡು ಹೋದೆ.

ಗ್ರಾಂಟ್ ರೋಡಿನಲ್ಲಿ ಇಳಿದಾಗ ನಾಲ್ಕು ಗಂಟೆ. ಮಾಲೀಕರು ಕೌಂಟರಿನಿಂದ ಎದ್ದು ನೆಲಮಹಡಿಯ ಆ ಕೋಣೆಯ ಕಡೆ ನಡೆದರು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ನನ್ನದೇ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದಳು, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು.

“ಯಾವ ಸಾಲ್ರಿ ಸುಳ್ಳು? ತೋರಸ್ರಿ ನೋಡೋಣು!” ಎಂದೆ ನಾನು, ನನ್ನ ಎಂದಿನ ದನಿಯಲ್ಲಿ.

ಆ ಹೆಂಗಸು ಚಟ್ಟನೆ ಎದ್ದು ನನ್ನ ಕೈ ಹಿಡಿದಳು. “ಸಾವಕಾಶ ಮಾತಾಡ್ರಿ ಅಕ್ಕಾರ. ನಮ್ಮ ಮನಿಯವರಿಗೆ ಆಪರೇಷನ್ ಆದಮ್ಯಾಲೆ ಮೂರು ದಿನ ನಿದ್ದೀನ ಇರಲಿಲ್ಲ, ಈಗ ಕಣ್ಣ ಹತ್ಯಾವ.”

ಬಾಗಿಲ ಸಂದಿಯಿಂದ ನೋಡಿದೆ. ಮಂಚದ ಮೇಲೆ ಒಬ್ಬರು ಗೋಡೆಯ ಕಡೆ ಮುಖ ಮಾಡಿ, ಬಾಯಿ ಅರೆತೆರೆದು, ಗಾಢವಾಗಿ ನಿದ್ದೆಮಾಡುತ್ತಿದ್ದರು. ಗೋಡೆ ತಣ್ಣಗೆ ನಿಂತಿತ್ತು.

“ಗ್ರೈಂಡರ್ ಹಿಂದಿನ ಶೆಡ್ಡಿಗೆ ಹಾಕಿಸಿದೆ” ಎಂದು ಮಾಲೀಕರು ಪಿಸುಗುಟ್ಟಿದರು. “ಫೋನ್ ಮಾಡಿದವರೆಲ್ಲ, ಗೋಡೆ ಈಗ್ಲೂ ನಡುಗ್ತದಾ, ನಡುಗ್ತದಾ ಅಂತ ಕೇಳಿದ್ರೆ ಎಂಥ ಮಾಡುವುದು?”

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ, ಕಣ್ಣು ತುಂಬಿತು. ಆ ಹೆಂಗಸಿಗೆ ನಾನು ಯಾರೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅವಳ ಪಕ್ಕದಲ್ಲಿ ಗೋಡೆಗೊರಗಿ ಹಾಗೆಯೇ ಒಂದು ಗಳಿಗೆ ನಿಂತೆ.

ಹಿಂದಿರುಗುವಾಗ ಸ್ಲೋ ಲೋಕಲ್‌ನ ಗದ್ದಲದಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದುಕೊಂಡು, ಇನ್ನೊಂದರಲ್ಲಿ ಫೋನು ತೆರೆದು ಗ್ರೈಂಡರಿನ ಆ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ಬರೆದೆ: ‘ಮಧ್ಯಾಹ್ನವೂ ನಿದ್ದೆ ಬರುತ್ತದೆ. ನಾನೇ ನೋಡಿದ್ದೇನೆ.’