ಮೂರು ಲಾಳಿಯ ಸೀರೆ, ಕರ್ತನ ಬರೋಣ

ಇಲ್ಲಿ ಬರುವ ಸೀರೆಯ ಬಣ್ಣವನ್ನು ನೀವು ನಂಬಬೇಕಾಗಿಲ್ಲ. ಒಡಲು ಬದನೆಕಾಯಿ ಬಣ್ಣದ್ದು, ಅಂಚು ಸಾಸಿವೆ ಹೂವಿನ ಹಳದಿ ಎಂದು ನನ್ನ ನೆನಪು. ಗಿಳಿಹಸಿರು ಎಂದು ಅವ್ವ ಸಾಧಿಸುತ್ತಾಳೆ. ಅವ್ವನ ತಂಗಿ ಪಿನ್ನಿಯನ್ನು ಕೇಳಿದರೆ ನಮ್ಮಿಬ್ಬರನ್ನೂ ಕಣ್ಣಿನ ಡಾಕ್ಟರ ಬಳಿಗೆ ಕಳಿಸಬೇಕು ಅನ್ನುತ್ತಾಳೆ. ಆ ಸೀರೆ ಎಂದೋ ಯಾರದೋ ಮದುವೆಗೆ ಹೋಗಿಬಿಟ್ಟಿದೆ, ಬಂದು ಸಾಕ್ಷಿ ಹೇಳುವುದಿಲ್ಲ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ನಾನು ಆ ವಾರದ ಪುಟಗಳನ್ನು ತೆಗೆದು ನೋಡಿದರೆ ಅಲ್ಲಿರುವುದು ಎಂ.ಎ. ಪರೀಕ್ಷೆಯ ಚಿಂತೆ ಮಾತ್ರ. ಪಕ್ಕದ ಕೋಣೆಯಲ್ಲಿ ಲೋಕದ ಅಂತ್ಯದ ಬಗ್ಗೆ ಮಾತು ನಡೆಯುತ್ತಿದ್ದಾಗ ನಾನು ಮಾರ್ಕ್ಸ್ ಎಷ್ಟು ಬರಬಹುದೆಂದು ಲೆಕ್ಕ ಹಾಕುತ್ತಿದ್ದೆನೆಂದು ಕಾಣುತ್ತದೆ.

ಆದರೆ ಲಾಳಿ ಇದೆ. ಚಳ್ಳಕೆರೆಯ ನನ್ನ ಬಾಡಿಗೆ ಮನೆಯ ಮೇಜಿನ ಮೇಲೆ, ನಾನು ತಿದ್ದುವ ಉತ್ತರಪತ್ರಿಕೆಗಳನ್ನು ಫ್ಯಾನಿನ ಗಾಳಿಗೆ ಹಾರದಂತೆ ಅದುಮಿಕೊಂಡು ಮೊನ್ನೆಯವರೆಗೂ ಕೂತಿತ್ತು. ಮಗ್ಗದಲ್ಲಿ ಅಡ್ಡ ಎಳೆಯನ್ನು ಒಯ್ಯುವ, ಅಂಗೈಯಗಲದ ಸಣ್ಣ ಲಾಳಿ. ಒಂದು ಮಗ್ಗುಲು ಅವ್ವನ ಹೆಬ್ಬೆರಳಿಗೆ ಸವೆದು ನುಣುಪಾಗಿದೆ. ಮನೆಗೆ ಬಂದವರು ಅದನ್ನು ಆಟದ ದೋಣಿ ಎಂದುಕೊಂಡು ಎತ್ತಿ ನೋಡುತ್ತಾರೆ. ನಾನೂ ಬಹಳ ದಿನ ಅದನ್ನು ಕಾಗದದ ಮೇಲಿನ ಭಾರ ಎಂದೇ ತಿಳಿದಿದ್ದೆ.

ನಮ್ಮದು ಮೊಳಕಾಲ್ಮೂರಿನ ನೇಯ್ಗೆಯ ಮನೆ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ, ಸಿಟ್ಟು ಬಂದಾಗ ಎರಡೂ. ಹಾಗಾಗಿ ಅವ್ವನ ತಂಗಿ ನನಗೆ ಚಿಕ್ಕಮ್ಮನಲ್ಲ, ಪಿನ್ನಿ. ಅಕ್ಕತಂಗಿಯರ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವಿನ ಗೋಡೆಯಲ್ಲಿ ಒಂದು ಬಾಗಿಲು, ಬಾಗಿಲಾಚೆ ಪಿನ್ನಿಯ ಗುಂಡಿಮಗ್ಗ. ಅದರಲ್ಲಿ ಮೊದಲು ಕೂರುತ್ತಿದ್ದವನು ಅವಳ ಗಂಡ, ನಮ್ಮ ಬಾಬಾಯಿ. ಅವನಿಗೆ ನಡುನೋವು ಬಂದ ಮೇಲೆ ಪಿನ್ನಿಯೇ ಗುಂಡಿಗೆ ಕಾಲಿಳಿಸಿದಳು, ಅವ್ವ ಅವಳ ಎಡಮಗ್ಗುಲಿಗೆ ಹಲಗೆ ಹಾಕಿಕೊಂಡು ಕೂತಳು. ನಮ್ಮ ಕಡೆಯ ಸೀರೆಗೆ ಒಡಲಿನದೊಂದು ಬಣ್ಣ, ಅಂಚಿನದೊಂದು ಬಣ್ಣ. ಒಡಲಿಗೆ ಒಂದು ಲಾಳಿ, ಆಚೀಚೆಯ ಅಂಚುಗಳಿಗೆ ಒಂದೊಂದು, ಒಟ್ಟು ಮೂರು. ಗುಂಡಿಯಲ್ಲಿ ಕೂತವಳ ಕೈಗೆ ಎರಡೇ ಎಟುಕುತ್ತವೆ. ಮೂರನೆಯದನ್ನು ಪಕ್ಕದಲ್ಲಿ ಕೂತವಳು ಎಸೆಯಬೇಕು, ಒಡಲಿನ ಎಳೆ ತನ್ನ ಕಡೆಗೆ ಬಂದಾಗ ಅಂಚಿನ ಎಳೆಗೆ ಅದನ್ನು ಕೊಂಡಿ ಹಾಕಿ ಹಿಂದಕ್ಕೆ ಕಳಿಸಬೇಕು. ಹಾಗೆ ಎಳೆಗೆ ಎಳೆ ಹಿಡಿದುಕೊಂಡರೇ ಎರಡು ಬಣ್ಣ ಒಂದು ಬಟ್ಟೆಯಾಗುವುದು. ಇಬ್ಬರಲ್ಲಿ ಒಬ್ಬಳಿಗೆ ಜ್ವರ ಬಂದರೂ ಸೀರೆ ನಿಲ್ಲುತ್ತದೆ.

ಬಾಬಾಯಿಯ ನಡುನೋವಿಗೆ ಪ್ರಾರ್ಥನೆ ಮಾಡಿಸಲೆಂದು ನೆರೆಮನೆಯವಳ ಜೊತೆ ಪಿನ್ನಿ ಊರಾಚೆಯ ತಗಡಿನ ಶೀಟಿನ ಕ್ರೈಸ್ತರ ಸಭೆಗೆ ಹೋದಳು. ಬಾಬಾಯಿಯ ನಡು ಹಾಗೆಯೇ ಉಳಿಯಿತು, ಪಿನ್ನಿಯ ಮನಸ್ಸು ಮಾತ್ರ ನೆಟ್ಟಗಾಯಿತು. ಹೀಗೆ ಬರೆಯುವಾಗ ಕೊಂಕು ಧ್ವನಿಸಿದರೆ ಅದು ನನ್ನ ಕೈಯ ದೋಷ, ಏಕೆಂದರೆ ಅವಳು ನಿಜವಾಗಿಯೂ ಹಗುರಾದದ್ದನ್ನು ನಾನು ಕಂಡಿದ್ದೇನೆ. ರಾಯದುರ್ಗದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ ಪಾಸ್ಟರು ಹೇಳಿದ್ದನ್ನು ಅವಳು ಮಗ್ಗದ ಮುಂದೆ ನಮಗೆ ಒಪ್ಪಿಸುತ್ತಿದ್ದಳು. ಕರ್ತನು ಮತ್ತೆ ಬರುತ್ತಾನೆ. ಆ ಬರುವಿಕೆಗೆ ಕನ್ನಡದಲ್ಲಿ ಬರೋಣ, ತೆಲುಗಿನಲ್ಲಿ ರಾಕಡ. ಮೊದಲು ಕಳ್ಳನ ಹಾಗೆ, ಹೇಳದೆ ಕೇಳದೆ. ಕಹಳೆಯ ಧ್ವನಿಯಾಗುತ್ತದೆ, ಆತನಲ್ಲಿ ನಂಬಿಕೆಯಿಟ್ಟು ಸತ್ತವರು ಏಳುತ್ತಾರೆ, ಬದುಕಿರುವ ವಿಶ್ವಾಸಿಗಳು ನಿಂತ ನಿಲುವಿನಲ್ಲೇ ಮೇಘಗಳಿಗೆ ಎತ್ತಲ್ಪಡುತ್ತಾರೆ. ಉಳಿದವರಿಗೆ ಇಲ್ಲಿ ಮಹಾಸಂಕಟದ ಕಾಲ. ಆಮೇಲೆ ಆತನು ಎಲ್ಲರ ಕಣ್ಣಿಗೂ ಕಾಣುವಂತೆ ಬರುತ್ತಾನೆ.

ಅವತ್ತಿನಿಂದ ಪಿನ್ನಿ ಒಲೆಯ ಮೇಲೆ ಹಾಲಿಟ್ಟು ಕದಲಿದವಳಲ್ಲ. ನೀರು ತರಲು ಹೊರಗೆ ಹೋಗಬೇಕಾದರೂ ಒಲೆ ಆರಿಸಿ ಹೋಗುತ್ತಾಳೆ. ತಾನು ಎತ್ತಲ್ಪಟ್ಟರೆ ಹಾಲು ಉಕ್ಕಿ, ಪಾತ್ರೆ ಸೀದು, ಅದನ್ನು ತಿಕ್ಕುವ ಕಷ್ಟ ಉಳಿದವರಿಗೆ ಯಾಕೆ ಎಂಬುದು ಅವಳ ವಿಚಾರ. ಮಹಾಸಂಕಟದ ಪಟ್ಟಿಗೆ ಸೀದ ಪಾತ್ರೆಯನ್ನು ಸೇರಿಸಿದ ವಿಶ್ವಾಸಿ ಬಹುಶಃ ಅವಳೊಬ್ಬಳೇ.

ಸೂಚನೆಗಳ ವಿಷಯದಲ್ಲೂ ಅವಳು ಸುಮ್ಮನೆ ಬೆದರುವವಳಲ್ಲ. ಯುದ್ಧ, ಭೂಕಂಪ, ಕಾಯಿಲೆ ಎಂದು ಸಭೆಯವರು ಫೋನಿನಲ್ಲಿ ಕಳಿಸುವ ವಿಡಿಯೋಗಳನ್ನೆಲ್ಲ ನೋಡುತ್ತಾಳೆ, ನೋಡಿ ನಿಟ್ಟುಸಿರು ಬಿಟ್ಟು ಮಗ್ಗಕ್ಕೆ ಇಳಿಯುತ್ತಾಳೆ. ಒಮ್ಮೆ ನನ್ನಲ್ಲಿಗೆ ಬಂದವಳನ್ನು ದೊಡ್ಡಉಳ್ಳಾರ್ತಿಯ ಗೆಳತಿಯ ಮನೆಗೆ ಕರೆದೊಯ್ದಿದ್ದೆ. ಕುರಿಗಳು ಮೇಯುತ್ತಿದ್ದ ಕಾವಲಿನ ಬಯಲಿನ ಮೇಲೆ, ಬೇಲಿಯಾಚೆಯ ಸರ್ಕಾರಿ ಸಂಶೋಧನಾ ಕೇಂದ್ರದವರು ಹಾರಿಸಿ ಪರೀಕ್ಷಿಸುವ ಚಾಲಕನಿಲ್ಲದ ವಿಮಾನವೊಂದು ಗುಂಯ್‌ಗುಡುತ್ತಾ ಸುತ್ತುತ್ತಿತ್ತು.

"ಒಳಗೆ ಯಾರೂ ಇಲ್ಲವಾ?" ಎಂದು ಕೇಳಿದಳು.

"ಯಾರೂ ಇಲ್ಲ ಪಿನ್ನಿ."

"ಜನ ಎಲ್ಲಾ ಕೆಳಗೆ ನಿಂತವ್ರೆ, ಖಾಲಿ ವಿಮಾನ ಮೇಲಕ್ಕೆ ಹೋಗೈತೆ. ಇದು ಸೂಚನೆ ಅಲ್ಲ ಬಿಡು, ದಂಡ," ಎಂದು ಸೆರಗು ಕೊಡವಿ ಮುಂದೆ ನಡೆದಳು.

ಇಷ್ಟು ಗಟ್ಟಿಗಿತ್ತಿ ಕದಲಿದ್ದು ಒಂದೇ ಒಂದು ಭಾನುವಾರ. ಅಂದು ಪಾಸ್ಟರು ಬೀಸುವ ಕಲ್ಲಿನ ಮುಂದೆ ಕೂತ ಇಬ್ಬರು ಹೆಂಗಸರ ಮಾತು ಹೇಳಿದರಂತೆ. ಆ ಗಳಿಗೆ ಬಂದಾಗ ಒಬ್ಬಳನ್ನು ಒಯ್ಯುತ್ತಾರೆ, ಇನ್ನೊಬ್ಬಳನ್ನು ಬಿಡುತ್ತಾರೆ. ಬೀಸುವ ಕಲ್ಲು ಈಗ ಯಾರ ಮನೆಯಲ್ಲೂ ಇಲ್ಲವಾದ್ದರಿಂದ ಸಭೆಯಲ್ಲಿದ್ದ ಮಿಕ್ಕ ಹೆಂಗಸರು ನೆಮ್ಮದಿಯಾಗಿ ಮನೆಗೆ ಹೋಗಿರಬೇಕು. ಪಿನ್ನಿಗೆ ಮಾತ್ರ ಕಲ್ಲಿನ ಜಾಗದಲ್ಲಿ ಮಗ್ಗ ಕಂಡಿತು.

ಸೋಮವಾರ ಬೆಳಿಗ್ಗೆ ಲಾಳಿ ಕೈಯಲ್ಲಿ ಹಿಡಿದು ಕೂತೇ ಇದ್ದಳು. ಅವ್ವ ಕಾದಳು, ಕೆಮ್ಮಿದಳು, ಕೊನೆಗೆ, "ಏನೇ, ನಿದ್ದೆ ಮಾಡ್ತಿದೀಯಾ?" ಎಂದಳು.

"ಅಕ್ಕಾ, ನೀನೂ ಬಂದ್ಬಿಡು ಸಭೆಗೆ."

"ನಾನು ಶುಕ್ರವಾರದೋಳು ಕಣೇ. ಭಾನುವಾರ ನಂಗೆ ಬಟ್ಟೆ ಒಗೆಯೋದೈತೆ."

"ನಗಬೇಡಕ್ಕಾ. ನಡುಸೀರೇಲಿ ನನ್ನ ಕರ್ಕೊಂಡು ಹೋದ್ರೆ ನೀನೇನು ಮಾಡ್ತೀ? ಒಂದು ಲಾಳಿ ಹಿಡ್ಕೊಂಡು ಕೂತ್ಕೊತೀಯಾ?"

"ಹೇಳಿಕಳಿಸು ಅವನಿಗೆ, ಸೆರಗು ಮುಗಿದ ಮೇಲೆ ಬರ್ಲಿ."

ಪಿನ್ನಿ ನಗಲಿಲ್ಲ. ಆ ಸೀರೆಯನ್ನು ಹೇಗೋ ಮುಗಿಸಿದಳು. ಮುಂದಿನ ಹಾಸು, ಎಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು ತರಲು ಹೋದವಳು ಯಾರನ್ನೂ ಕೇಳದೆ ಅಂಚು ಒಡಲು ಒಂದೇ ಬಣ್ಣದ ಹಾಸು ತಂದುಬಿಟ್ಟಳು. ಒಂದೇ ಲಾಳಿಯ ಸೀರೆ, ಒಬ್ಬಳೇ ನೇಯಬಹುದಾದ ಸೀರೆ. ಅಕ್ಕ ನಡುವೆ ಸಿಕ್ಕಿಕೊಳ್ಳಬಾರದೆಂದು ಅವಳು ಕಂಡುಕೊಂಡ ದಾರಿ ಅದು. ಬಾಬಾಯಿ ಹಾಸನ್ನು ಬಿಚ್ಚಿ ನೋಡಿ ಬೀಡಿ ಹಚ್ಚಿಕೊಂಡು ಬೀದಿಗೆ ಹೋದ. ಅವ್ವ ಮಾತ್ರ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ನಡುವಿನ ಬಾಗಿಲನ್ನು ಎಳೆದುಕೊಂಡಳು. ಆ ಬಾಗಿಲಿಗೆ ಅಗುಳಿ ಇದೆಯೆಂದು ನನಗೆ ಗೊತ್ತಾದದ್ದೇ ಅಂದು.

ಆ ಮುನಿಸು ಎಷ್ಟು ದಿನ ನಡೆಯಿತೋ, ನನ್ನನ್ನು ಕೇಳಬೇಡಿ, ನನಗೆ ಅದು ಇಡೀ ರಜೆಯಷ್ಟು ಉದ್ದ ಕಾಣುತ್ತದೆ, ನೆನಪಿಗೆ ಹಿಗ್ಗಿಸುವ ಚಟವಿದೆ. "ನನ್ನ ಕೈ ಬೇಡವಾಯ್ತಂತೆ ಅವಳಿಗೆ," ಎಂದು ಅವ್ವ ನನ್ನೆದುರು ಅತ್ತಳು. ಸ್ವರ್ಗ ಸಿಗದಿದ್ದರೆ ಹೋಗಲಿ ಅನ್ನುವವಳು ಅವಳು. ಪಕ್ಕದ ಹಲಗೆ ತಪ್ಪಿದ್ದು ಅವಳಿಗೆ ಸಹಿಸಲಾಗಲಿಲ್ಲ. ಆಚೆಯಿಂದ ಒಂದೇ ಲಾಳಿಯ ಸದ್ದು ಕೇಳುತ್ತಿತ್ತು, ಕುಂಟುವವರು ಯಾರೋ ಅಂಗಳದಲ್ಲಿ ನಡೆದ ಹಾಗೆ. ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಮಾತುಗಳಲ್ಲಿ ಪಿನ್ನಿಗೆ ತಿಳಿಹೇಳಲು ಹೋಗಿ, ಅವಳು ಕೊಟ್ಟ ಉಪ್ಪಿಟ್ಟು ತಿಂದು ವಾಪಸು ಬಂದೆ.

ಒಂದು ಮಧ್ಯಾಹ್ನ ಅವ್ವ ತಟ್ಟನೆ ಎದ್ದಳು, ಅಗುಳಿ ತೆಗೆದಳು, ಹಲಗೆ ಹಾಕಿಕೊಂಡು ತನ್ನ ಜಾಗದಲ್ಲಿ ಕೂತಳು. ಮಾಡಲು ಕೆಲಸವಿರಲಿಲ್ಲ. ಆ ಸೀರೆಯಲ್ಲಿ ಅವಳ ಕೈಗೆ ಜಾಗವೇ ಇರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಯಾಕಕ್ಕಾ ಕೂತೆ?" ಎಂದಳು ಪಿನ್ನಿ.

"ಸುಮ್ನೆ. ಒಯ್ಯೋನು ಬಂದಾಗ ನೋಡ್ಲಿ, ಇಬ್ರು ಕೂತಿದ್ದೀವಿ ಅಂತ. ಒಬ್ಬಳನ್ನೇ ಎತ್ಕೊಂಡು ಹೋಗ್ತಾನಾ, ನನ್ನ ಮುಖ ನೋಡಿ ಹೋಗ್ಲಿ."

ಸಂಜೆಯವರೆಗೆ ಕೂತಳು. ಮರುದಿನವೂ ಕೂತಳು. ಒಂದೇ ಲಾಳಿಯ ಆ ಸೀರೆ ಮುಗಿಯುವವರೆಗೂ ಅವ್ವ ಏನನ್ನೂ ಮಾಡದೆ ಅದನ್ನು ಪಿನ್ನಿಯ ಜೊತೆ ನೇಯ್ದಳು. ಹಾಸು ಮುಗಿದ ದಿನ ಪಿನ್ನಿ ತಾನಾಗಿ ಹೋಗಿ ಮತ್ತೆ ಎರಡು ಬಣ್ಣದ ಹಾಸು ತಂದಳು, ಒಂದು ಷರತ್ತಿನ ಮೇಲೆ: ಅಕ್ಕ ಗುಂಡಿಗಿಳಿದು ಕಾಲುಮಣೆ ತುಳಿಯುವ ಕೆಲಸವನ್ನೂ ಕಲಿಯಬೇಕು. ಹಾಗೆ ಕಲಿತರೆ ತಾನಿಲ್ಲದ ದಿನ ಇನ್ನೊಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸೀರೆ ಮುಗಿಸಬಹುದು. ಅವ್ವ ಬೈಯುತ್ತಲೇ ಕಲಿತಳು. ಆ ಕಲಿಕೆಯಲ್ಲಿ ಅಂಚು ಹಾವಿನಂತೆ ಡೊಂಕಾದ ಸೀರೆಯೊಂದು ಹುಟ್ಟಿತು. ಯಾರಿಗೂ ಕೊಡಲಾಗದ್ದರಿಂದ ಅದು ನನ್ನದಾಯಿತು, ಕಾಲೇಜಿನ ಸಮಾರಂಭಗಳಿಗೆ ಈಗಲೂ ಉಡುತ್ತೇನೆ. ಅವ್ವನ ಹಳೆಯ ಲಾಳಿ ನನ್ನ ಮೇಜಿಗೆ ಬಂದದ್ದೂ ಅದೇ ಕಾಲಕ್ಕೆ, ಅದರ ಸವೆದ ತುದಿ ಎಳೆಯನ್ನು ಕಚ್ಚುತ್ತದೆಂದು ಹೊಸದು ಮಾಡಿಸಿದಾಗ.

ಗುಂಡಿಮಗ್ಗದವರ ಒಂದು ಪದ್ಧತಿ ನನ್ನನ್ನು ಆಗಾಗ ಯೋಚನೆಗೆ ಹಚ್ಚುತ್ತದೆ. ಹಾಸು ಮುಗಿದಾಗ ಅವರು ಮಗ್ಗವನ್ನು ಬರಿದು ಮಾಡುವುದಿಲ್ಲ. ಕೊನೆಯ ಸೀರೆ ಕತ್ತರಿಸಿದ ಮೇಲೂ ಒಂದಿಷ್ಟು ಎಳೆಗಳನ್ನು ಹಾಗೆಯೇ ಉಳಿಸಿ, ಆ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಜೋಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಈ ಲೋಕ ಯಾವ ಗಳಿಗೆಯಲ್ಲಾದರೂ ಮುಗಿಯಬಹುದೆಂದು ನಂಬಿದ ಪಿನ್ನಿ ಪ್ರತಿ ಸಲವೂ ಎಳೆ ಉಳಿಸುತ್ತಾಳೆ, ಪ್ರತಿ ಸಲವೂ ಕೆಚ್ಚುತ್ತಾಳೆ. ಇದು ವಿರೋಧವಲ್ಲವೇ ಎಂದು ಹಿಂದೆ ನನಗೆ ಅನ್ನಿಸುತ್ತಿತ್ತು, ಈಗ ಅಷ್ಟು ಖಚಿತವಿಲ್ಲ. ನೆಂಟರು ಇವತ್ತೇ ಬಂದಾರೆಂದು ಕಾಯುವ ಮನೆಯಲ್ಲಿ ಕಸ ಗುಡಿಸುವುದನ್ನು ಯಾರೂ ಬಿಡುವುದಿಲ್ಲ, ಇನ್ನೊಂದು ಸಲ ಗುಡಿಸುತ್ತಾರೆ. ನಮ್ಮ ಕಾಲೇಜಿನಲ್ಲಿ ಬೇರೊಂದು, ಹಳೆಯ ಚರ್ಚಿಗೆ ಸೇರಿದ ಮೇಡಂ ಒಬ್ಬರಿದ್ದಾರೆ. ಗುಟ್ಟಿನ ಬರೋಣ ಬೇರೆ, ಬಹಿರಂಗದ ಬರೋಣ ಬೇರೆ ಎಂದು ತಮ್ಮಲ್ಲಿ ಹೇಳುವುದಿಲ್ಲ, ಬರುವುದು ಒಂದೇ ಸಲ ಎನ್ನುತ್ತಾರೆ. ಪಿನ್ನಿಗೆ ಇದನ್ನು ಹೇಳಿದಾಗ ಅವಳು, "ಒಂದು ಸಲಾನೋ ಎರಡು ಸಲಾನೋ, ಮನೇಲಿ ಹಾಲು ಉಕ್ಕದಿದ್ರೆ ಸಾಕು," ಎಂದಳು.

ಮೊನ್ನೆ ಕಾಲೇಜಿಗೆ ರಜೆಯಿದ್ದ ಒಂದು ದಿನ, ತಳಕು ಊರು ದಾಟಿ ಬಸ್ಸಿನಲ್ಲಿ ನಿದ್ದೆ ಹೊಡೆದು, ಹೇಳದೆ ಊರಿಗೆ ಹೋದೆ. ಎರಡೂ ಮನೆಯ ಬಾಗಿಲು ತೆರೆದಿದ್ದವು. ಒಲೆ ಆರಿತ್ತು, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿತ್ತು. ಮಗ್ಗದ ಮೇಲೆ ಅರ್ಧ ಸೀರೆ, ಅದರ ಮೇಲೆ ಲಾಳಿಗಳು. ಪಿನ್ನಿಯ ಚಪ್ಪಲಿ ಹೊಸಿಲ ಬಳಿಯೇ ಇತ್ತು. ಕೂಗಿದೆ, ಉತ್ತರವಿಲ್ಲ. ನೀವು ನಗುತ್ತೀರಿ, ಆದರೂ ಬರೆಯುತ್ತೇನೆ: ಇಷ್ಟೆಲ್ಲ ಓದಿದ, ಯಾವ ಸಭೆಗೂ ಸೇರದ ನಾನು ಕಿಟಕಿಯಿಂದ ಮೋಡಗಳನ್ನು ನೋಡಿದೆ. ಆಗಿಹೋಯಿತೇ ಎಂದುಕೊಂಡು ನಡುವಿನ ಬಾಗಿಲಲ್ಲಿ ಹಾದು ಅವ್ವನನ್ನು ಹುಡುಕಿದೆ. ಅವ್ವನೂ ಇರಲಿಲ್ಲ. ಆಗ ನನಗಾದದ್ದು ಸಮಾಧಾನ. ಸದ್ಯ, ಇಬ್ಬರನ್ನೂ ಒಯ್ದಿದ್ದಾನೆ! ನಾನೊಬ್ಬಳೇ ಉಳಿದೆನೆಂಬುದು ಹೊಳೆದದ್ದು ಆಮೇಲೆ.

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಇಬ್ಬರ ಜಗಳ ಕೇಳಿಸಿತು. ರೇಷನ್ ಅಂಗಡಿಯಿಂದ ಬರುತ್ತಿದ್ದರು, ಅಕ್ಕಿ ಹೊತ್ತ ಬಾಬಾಯಿ ನಡು ಹಿಡಿದುಕೊಂಡು ಹಿಂದೆ. ಅವಸರದಲ್ಲಿ ಪಿನ್ನಿ ಅವ್ವನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಳು, ಪಿನ್ನಿಯದು ಕಾಲಿಗೆ ಹಿಡಿಯದ ಅವ್ವ ಬರಿಗಾಲಲ್ಲಿ ನಡೆದು ಅದಕ್ಕೇ ಬೈಯುತ್ತಿದ್ದಳು. ಎಳೆ ಹೊಸೆದು ಸವೆದ ಪಿನ್ನಿಯ ಹೆಬ್ಬೆರಳಿನ ಗುರುತನ್ನು ಅಂಗಡಿಯ ಮೆಷಿನ್ ಎಂದಿನಂತೆ ಒಪ್ಪಿರಲಿಲ್ಲ. ಅವಳಿಗೆ ಅದೊಂದು ಖುಷಿ. ಕೈಗೂ ಹಣೆಗೂ ಗುರುತು ಹಾಕದೆ ಅಕ್ಕಿಬೇಳೆಯನ್ನೂ ಕೊಳ್ಳಲು ಬಿಡದ ಕಾಲವೊಂದು ಬರುತ್ತದೆಂದು, ವಿಶ್ವಾಸಿಗಳು ಆ ಗುರುತಿಗೆ ಸಿಗಬಾರದೆಂದು ಸಭೆಯಲ್ಲಿ ಕೇಳಿದ್ದಳಲ್ಲ.

"ನೋಡಕ್ಕಾ, ನನ್ನ ಗುರುತು ಅದಕ್ಕೆ ಸಿಗೋದೇ ಇಲ್ಲ!"

"ಸಿಗಲ್ಲ ಕಣೇ, ಅಕ್ಕಿ ಮಾತ್ರ ನಿನ್ನ ಗಂಡನ ಬೆರಳಲ್ಲಿ ಬೇಕು."

ಕಾಫಿ ಕುಡಿದು ಇಬ್ಬರೂ ಮಗ್ಗಕ್ಕೆ ಕೂತರು. ಅವ್ವನ ಮೂರನೆಯ ಲಾಳಿ ಹೋಯಿತು, ಬಂತು. ಅದನ್ನು ನೋಡುತ್ತಾ ಕೂತಾಗ ನನ್ನ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಅದರ ಅಕ್ಕ ನೆನಪಾಯಿತು. ಭಾರಕ್ಕೆಂದು ಇಟ್ಟುಕೊಂಡ ನಾನು ಅದರ ಕೆಲಸವನ್ನೇ ಮರೆತಿದ್ದೆ. ಆಚೆ ಹೋದದ್ದು ಈಚೆ ಬರುತ್ತದೆಂಬ ನಂಬಿಕೆಯ ಮೇಲೆ ಕೈಬಿಡುವ ವಸ್ತು ಅದು. ಅಕ್ಕಪಕ್ಕ ಕೂತ ಇಬ್ಬರು ಕೈಚಾಚಿದ್ದರೆ ಮಾತ್ರ ಅದಕ್ಕೆ ಜೀವ. ಈಗ ಚಳ್ಳಕೆರೆಯಲ್ಲಿ ಉತ್ತರಪತ್ರಿಕೆಗಳಿಗೆ ಬೇರೊಂದು ಕಲ್ಲು ತಂದಿದ್ದೇನೆ. ಲಾಳಿ ಕಿಟಕಿಯ ಬಳಿ ಇದೆ, ನುಣುಪಾದ ಮಗ್ಗುಲು ಮೇಲಾಗಿ.

ಅವತ್ತು ಮಧ್ಯಾಹ್ನ ನಾನು ಪಿನ್ನಿಯನ್ನು ಒಂದು ಮಾತು ಕೇಳಿದೆ. ಅವ್ವ ಕೇಳಿಸದವಳಂತೆ ಎಳೆ ಸರಿಮಾಡಿಕೊಂಡಳು. ಪಿನ್ನಿಯ ಕಾಲು ಗುಂಡಿಯಲ್ಲಿ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ಬಸ್ಸಿನ ಹೊತ್ತಾಗುವವರೆಗೂ ಕಾದೆ, ಆಮೇಲೆ ಎರಡು ಸಲ ಫೋನಿನಲ್ಲೂ ನೆನಪಿಸಿದ್ದೇನೆ, ಊಟ ಆಯ್ತಾ ಎಂದು ಕೇಳಿ ಮಾತು ತಿರುಗಿಸುತ್ತಾಳೆ. ನಾನು ಕೇಳಿದ್ದು ಇಷ್ಟೇ:

"ಪಿನ್ನಿ, ಕಹಳೆ ಊದೋ ಹೊತ್ನಲ್ಲಿ ಲಾಳಿ ಅವ್ವನ ಕಡೆ ಇದ್ರೆ, ಅದು ವಾಪಸ್ ಬರೋತನಕ ನಿಂತ್ಕೋ ಅಂತ ಅವನಿಗೆ ಹೇಳ್ತೀಯಾ?"